ಚಲನೆಯ ಜಾಡು

ಓಡುವ ಕುದುರೆಯನ್ನು ನೋಡದವರು ವಿರಳ. ಆದರೆ ಓಟದ ಒಂದು ಕ್ಷಣದಲ್ಲಿ ಅದರ ನಾಲ್ಕು ಕಾಲುಗಳು ಹೇಗಿರುತ್ತವೆ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಕಣ್ಣು ಓಟವನ್ನು ಕಾಣುತ್ತದೆ. ಓಟದೊಳಗಿನ ಹೆಜ್ಜೆಯನ್ನು ಕಾಣಲಾರದು. ಯೂರೋಪಿನ ಚಿತ್ರಕಾರರು ಬಹುಕಾಲ ನಾಗಾಲೋಟದ ಕುದುರೆಯನ್ನು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಚಿತ್ರಿಸಿದರು. ಜನರು ಅದನ್ನೇ ನಿಜವೆಂದು ನಂಬಿದರು.

ಆ ನಂಬಿಕೆ 1878ರ ಜೂನ್ ತಿಂಗಳಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕುಸಿಯಿತು. ಎಡ್ವರ್ಡ್ ಮೈಬ್ರಿಡ್ಜ್ ಎಂಬ ಛಾಯಾಗ್ರಾಹಕನು ಓಟದ ಹಾದಿಯ ಬದಿಯಲ್ಲಿ 12 ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ, ಹಾದಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದನು. ಕುದುರೆ ತಗುಲಿ ಒಂದೊಂದು ದಾರವೂ ಸೆಳೆದಂತೆ ಕ್ಯಾಮರಾಗಳು ಒಂದರ ನಂತರ ಒಂದು ಚಿತ್ರ ತೆಗೆದವು. ನಾಲ್ಕು ಗೊರಸುಗಳೂ ನೆಲ ಬಿಡುವ ಕ್ಷಣ ಉಂಟೆಂಬುದು ಸಿದ್ಧವಾಯಿತು. ಆದರೆ ಆಗ ಕಾಲುಗಳು ಚಾಚಿಕೊಂಡಿರಲಿಲ್ಲ. ಹೊಟ್ಟೆಯ ಕೆಳಗೆ ಮಡಿಚಿಕೊಂಡಿದ್ದವು!

ಈ ಚಿತ್ರಗಳು ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೆಯ ಗಮನ ಸೆಳೆದವು. ಆತನು 1882ರಲ್ಲಿ ಬಂದೂಕಿನ ಆಕಾರದ ಕ್ಯಾಮರಾವೊಂದನ್ನು ರಚಿಸಿದನು. ಹಾರುವ ಹಕ್ಕಿಗೆ ಗುರಿಯಿಟ್ಟು ಹೊಡೆದರೆ ಅದರಿಂದ ಗುಂಡು ಸಿಡಿಯುತ್ತಿರಲಿಲ್ಲ. ಸೆಕೆಂಡಿಗೆ 12 ಚಿತ್ರಗಳು ಮೂಡುತ್ತಿದ್ದವು. ಹಕ್ಕಿಯ ಒಂದು ಗರಿಯೂ ಕೊಂಕುತ್ತಿರಲಿಲ್ಲ.

ಬಿಡಿ ಚಿತ್ರಗಳಿಂದ ಮಾರೆಗೆ ತೃಪ್ತಿಯಾಗಲಿಲ್ಲ. ಹೆಜ್ಜೆಯೊಡನೆ ಹೆಜ್ಜೆಗಳ ನಡುವಣ ಕಾಲವೂ ಒಂದೇ ಫಲಕದಲ್ಲಿ ಕಾಣಬೇಕೆಂಬುದು ಆತನ ಹಂಬಲ. ಅದಕ್ಕಾಗಿ ಗಾಜಿನ ಫಲಕದ ಮುಂದೆ ಸೀಳುಗಳುಳ್ಳ ತಟ್ಟೆಯೊಂದನ್ನು ಒಂದೇ ವೇಗದಲ್ಲಿ ತಿರುಗಿಸಿದನು. ಸೀಳು ಎದುರಿಗೆ ಬಂದಾಗಲೆಲ್ಲ ಬೆಳಕು ಒಳನುಗ್ಗಿ ಒಂದು ಚಿತ್ರ ಮೂಡುತ್ತಿತ್ತು. ಆದರೆ ನಿಧಾನವಾಗಿ ನಡೆಯುವವನ ಚಿತ್ರಗಳು ಒಂದರ ಮೇಲೊಂದು ಬಿದ್ದು ಕಲಸಿಹೋದವು. ಆಗ ಆತನು ಹೂಡಿದ ಉಪಾಯ ವಿಚಿತ್ರವಾದುದು. ನಡೆಯುವವನಿಗೆ ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪು ತೊಡಿಸಿ, ಕೈಕಾಲುಗಳ ಉದ್ದಕ್ಕೆ ಹೊಳೆಯುವ ಪಟ್ಟಿಗಳನ್ನೂ ಕೀಲುಗಳ ಮೇಲೆ ಚುಕ್ಕೆಗಳನ್ನೂ ಇರಿಸಿದನು. ಕಪ್ಪು ಗೋಡೆಯ ಮುಂದೆ ದೇಹ ಮರೆಯಾಯಿತು. ಚಲನೆಯೊಂದೇ ಬಿಳಿಯ ಗೆರೆಗಳ ಸಾಲಾಗಿ ಉಳಿಯಿತು. ಚಿತ್ರಗಳ ನಡುವಣ ಕಾಲ ಸಮನಾದುದರಿಂದ, ಗೆರೆಗಳು ದೂರವಿದ್ದಲ್ಲಿ ಅಂಗದ ವೇಗ ಹೆಚ್ಚು, ಒತ್ತಾಗಿದ್ದಲ್ಲಿ ಕಡಿಮೆ. ಹೀಗೆ ಕಣ್ಣಿಗೆ ಕಾಣದ ಕಾಲವು ಅಳತೆಗೋಲಿಗೆ ಸಿಕ್ಕಿತು.

ಮೈಬ್ರಿಡ್ಜ್ ಮತ್ತು ಮಾರೆ ಇಬ್ಬರೂ 1830ರಲ್ಲಿ ಹುಟ್ಟಿ 1904ರಲ್ಲಿ ತೀರಿಕೊಂಡರು. ಅವರ ಶ್ರಮ ಅವರೊಂದಿಗೆ ಮುಗಿಯಲಿಲ್ಲ. ಇಂದು ಆಟಗಾರನ ಓಟವನ್ನು ತಿದ್ದುವುದಕ್ಕೂ, ನಡಿಗೆಯ ದೋಷವುಳ್ಳ ಮಗುವಿನ ಚಿಕಿತ್ಸೆಯನ್ನು ನಿರ್ಧರಿಸುವುದಕ್ಕೂ ಕೀಲುಗಳ ಮೇಲೆ ಹೊಳೆಯುವ ಗುರುತುಗಳನ್ನಿಟ್ಟು ಚಿತ್ರ ತೆಗೆಯುವುದುಂಟು. ಅವು ಮಾರೆಯ ಚುಕ್ಕೆಗಳ ಸಂತತಿ. ಕಣ್ಣಾರೆ ಕಂಡದ್ದನ್ನೂ ಪರೀಕ್ಷೆಗೆ ಒಡ್ಡುವ ವಿನಯವೇ ವಿಜ್ಞಾನದ ಮೊದಲ ಹೆಜ್ಜೆ.

ಅಭ್ಯಾಸ

1. ಚಿತ್ರಕಾರರ ಕುದುರೆಗೂ ಮೈಬ್ರಿಡ್ಜನ ಕುದುರೆಗೂ ಇರುವ ವ್ಯತ್ಯಾಸವೇನು?
2. ಮಾರೆಯು ನಡೆಯುವವನಿಗೆ ಕಪ್ಪು ಉಡುಪು ತೊಡಿಸಿದ್ದೇಕೆ?
3. ‘ಕಣ್ಣಿಗೆ ಕಾಣದ ಕಾಲವು ಅಳತೆಗೋಲಿಗೆ ಸಿಕ್ಕಿತು’ – ಈ ಮಾತನ್ನು ವಿವರಿಸಿರಿ.