ಕಡಲ ತಡಿಯ ಬಿಡಾರ: ಬಯಲುಸೀಮೆಯ ಹೆಣ್ಣುಮಕ್ಕಳಿಗೊಂದು ಪಾಠ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬೀ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ನೀರೆಂದರೆ ಕೆರೆಯ ನೀರು, ಬಾವಿಯ ನೀರು, ಈಚೀಚೆಗೆ ಕೊಳವೆಬಾವಿಯ ನೀರು. ಅದು ಒಂದೆಡೆ ನಿಂತಿರುವುದು, ಬೇಸಗೆಯಲ್ಲಿ ತಗ್ಗುವುದು, ಮಳೆ ತಪ್ಪಿದ ವರ್ಷ ಇಲ್ಲವೇ ಆಗುವುದು. ಹಗಲೂ ಇರುಳೂ ಏಳುತ್ತ ಬೀಳುತ್ತ ಇರುವ, ಎಂದಿಗೂ ಬತ್ತದ, ಆದರೆ ಒಂದು ಗುಟುಕನ್ನೂ ಕುಡಿಯಲಾಗದ ನೀರನ್ನು ಅವರು ಭೂಗೋಳದ ಪುಸ್ತಕದಲ್ಲಿ ಓದಿರುವರೇ ಹೊರತು ಕಣ್ಣಾರೆ ಕಂಡವರು ಕೆಲವರು ಮಾತ್ರ. ಆದುದರಿಂದ ಕಡಲನ್ನು ನೋಡಬೇಕೆಂಬ ಆಸೆ ನಮ್ಮ ಸೀಮೆಯ ಮಕ್ಕಳಲ್ಲಿ ಬಲವಾಗಿರುವುದು ಸಹಜವೇ ಸರಿ.

೨೦೨೪ನೆಯ ಇಸವಿ ಡಿಸೆಂಬರ್ ೧೦ರಂದು ಈ ಆಸೆಯ ಮೇಲೆ ದುಃಖದ ನೆರಳು ಬಿದ್ದಿತು. ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರಿಂದ ಪ್ರವಾಸ ಹೋಗಿದ್ದ ನಾಲ್ವರು ಬಾಲಕಿಯರು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿಯನ್ನು ಕೇಳಿದ ತಾಯಿಯೊಬ್ಬಳು ತನ್ನ ಮಗಳನ್ನು ಇನ್ನು ಕಡಲಿಗೆ ಕಳುಹಿಸಲೊಲ್ಲೆನೆಂದರೆ ಅವಳನ್ನು ತಪ್ಪೆನ್ನಲು ಯಾರಿಗೆ ಬಾಯಿ ಬಂದೀತು? ಆದಾಗ್ಯೂ ಹೆಣ್ಣುಮಕ್ಕಳನ್ನು ಮನೆಯೊಳಗೆ ಇರಿಸಿಕೊಳ್ಳುವುದರಿಂದ ಅವರಿಗೆ ಕಡಲಿನ ಅರಿವು ಉಂಟಾಗುವುದಿಲ್ಲ. ಅರಿವಿಲ್ಲದವರು ಎಂದಾದರೊಂದು ದಿನ ಹೋದಾಗ ಅಪಾಯವು ಮೊದಲಿನಷ್ಟೇ ಇರುವುದು. ಆದಕಾರಣ ಕಡಲ ತಡಿಯಲ್ಲಿ ಬಿಡಾರ ಹೂಡುವವರು ಮುಂಚಿತವಾಗಿ ಕಲಿತಿರಬೇಕಾದುದೇನೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಇಲ್ಲಿ ಕ್ರಮವಾಗಿ ತಿಳಿಸುವೆವು. ಮಗುವನ್ನು ಕಾಯುವ ಶಿಸ್ತು ಯಾವುದೋ, ಆ ತೀರದಲ್ಲಿ ಬಾಳುವ ಮೂಕಜೀವಿಗಳನ್ನು ಕಾಯುವ ಶಿಸ್ತೂ ಬಹುಪಾಲು ಅದೇ ಎಂಬುದು ಈ ಪಾಠದ ತಿರುಳು.

೧. ಬಿಡಾರದ ಸ್ಥಳ

ಬಿಡಾರದ ಬಾಳು ಮಕ್ಕಳ ಶಿಕ್ಷಣದ ಭಾಗವೆಂಬ ಭಾವನೆ ಕಡಲ ತಡಿಯಲ್ಲಿಯೇ ಬೆಳೆದುದು. ೧೯೦೭ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ೨೦ ಮಂದಿ ಹುಡುಗರೊಡನೆ ಬಿಡಾರ ಹೂಡಿದರು. ಸ್ಕೌಟ್ ಚಳವಳಿಯು ಅದರಿಂದ ಹುಟ್ಟಿತು. ೧೯೧೦ರಲ್ಲಿ ಹುಡುಗಿಯರಿಗಾಗಿ ಗರ್ಲ್ ಗೈಡ್ಸ್ ಸ್ಥಾಪಿತವಾಯಿತು. ೧೯೧೧ರಲ್ಲಿಯೇ ಜಬಲ್ಪುರದಲ್ಲಿ ಭಾರತದ ಮೊದಲನೆಯ ಗೈಡ್ ದಳವು ಏರ್ಪಟ್ಟಿತು.

ನಮ್ಮ ರಾಜ್ಯದಲ್ಲಿ ಇಂತಹ ಬಿಡಾರಕ್ಕೆ ಒಳ್ಳೆಯ ಉದಾಹರಣೆಯಾಗಿ ಕಾರವಾರದ ಬಳಿಯ ದೇವಬಾಗವನ್ನು ತೆಗೆದುಕೊಳ್ಳುವೆವು. ಕೋಲಾರದಿಂದ ಅಲ್ಲಿಗೆ ೫೫೦ ಕಿಲೋಮೀಟರಿಗೂ ಹೆಚ್ಚಿನ ದಾರಿ. ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟಿ, ಕಾಡುಗಳ ನಡುವೆ ಸುಮಾರು ೧೮೪ ಕಿಲೋಮೀಟರು ಹರಿದು ಬಂದ ಕಾಳೀ ನದಿಯು ಇಲ್ಲಿ ಅರಬ್ಬೀ ಸಮುದ್ರವನ್ನು ಸೇರುವುದು. ಒಂದು ಕಡೆ ನದಿ, ಮತ್ತೊಂದು ಕಡೆ ಕಡಲು, ನಡುವೆ ಮರಳು. ಅದರ ಮೇಲೆ ನಮ್ಮೂರಿನವರಿಗೂ ಪರಿಚಿತವಾದ ಸರ್ವೆಮರಗಳ ತೋಪು. ಎದುರಿಗೆ ಕಡಲಿನಲ್ಲಿ ಕೂರ್ಮಗಡವೆಂಬ ದ್ವೀಪವಿರುವುದು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯವರು ಇಲ್ಲಿ ಪ್ರವಾಸಿಗಳ ಬಿಡಾರವೊಂದನ್ನು ಏರ್ಪಡಿಸಿದರು.

ಬಿಡಾರಕ್ಕೆ ಸ್ಥಳವನ್ನು ಆರಿಸುವಾಗ ಮೊದಲು ನೋಡತಕ್ಕದ್ದು ಉಬ್ಬರದ ಗೆರೆ. ಕಡಲಿನ ನೀರು ದಿನಕ್ಕೆ ಎರಡು ಸಾರಿ ಏರುವುದು, ಎರಡು ಸಾರಿ ಇಳಿಯುವುದು. ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು ೫೦ ನಿಮಿಷ ತಡವಾಗುತ್ತ ಹೋಗುವುದು. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ಏರಿಕೆಯು ಹೆಚ್ಚು. ಅಲೆಗಳು ತಂದು ಬಿಟ್ಟ ಕಡ್ಡಿ, ಚಿಪ್ಪು, ಪಾಚಿಗಳ ಸಾಲು ಮರಳಿನ ಮೇಲೆ ಎಲ್ಲಿ ಬಿದ್ದಿದೆಯೋ ಅಲ್ಲಿಯವರೆಗೆ ನೀರು ಬಂದಿತ್ತೆಂದು ತಿಳಿಯಬೇಕು. ಬಿಡಾರವನ್ನು ಆ ಸಾಲಿನ ಮೇಲ್ಗಡೆ, ತೋಪಿನ ಕಡೆಗೆ, ಸಾಕಷ್ಟು ದೂರದಲ್ಲಿ ಹೂಡಬೇಕು. ಇದು ಮಲಗಿದ ಮಕ್ಕಳ ಕ್ಷೇಮಕ್ಕಾಗಿ ಎಂದು ಎಲ್ಲರೂ ಬಲ್ಲರು. ಆದರೆ ಆ ಸಾಲಿನ ಸುತ್ತಲಿನ ತೆರೆದ ಮರಳು ಬೇರೊಬ್ಬರಿಗೆ ಬೇಕಾದ ಸ್ಥಳವೆಂಬುದನ್ನು ಮುಂದೆ ಹೇಳುವೆವು.

೨. ಕಡಲಿನ ಸೆಳೆತ

ನಮ್ಮ ಮಕ್ಕಳು ಕೆರೆಯನ್ನು ಬಲ್ಲವರು. ಆದರೆ ಕೆರೆಯ ಬುದ್ಧಿ ಕಡಲಿನಲ್ಲಿ ನಡೆಯದು. ಕೆರೆಯಲ್ಲಿ ಅಪಾಯವಿರುವುದು ಇಟ್ಟಿಗೆಗಾಗಿ ಮಣ್ಣು ತೆಗೆದ ಗುಂಡಿಯಲ್ಲಿ, ಹೂಳಿನ ಕೆಸರಿನಲ್ಲಿ. ಕಡಲಿನಲ್ಲಿ ಮೊಣಕಾಲುದ್ದದ ನೀರೂ ಎಳೆದುಕೊಂಡು ಹೋಗಬಲ್ಲದು. ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಅಲೆಗಳು ಒಂದರ ಮೇಲೊಂದು ನೀರನ್ನು ದಡಕ್ಕೆ ತಂದು ಸುರಿಯುವುವು. ಹಾಗೆ ಬಂದ ನೀರು ಹಿಂದಿರುಗಲೇಬೇಕು. ಅದು ಮರಳುದಿಣ್ಣೆಗಳ ನಡುವೆ ಒಂದು ಇಕ್ಕಟ್ಟಾದ ಕಾಲುವೆಯನ್ನು ಮಾಡಿಕೊಂಡು ರಭಸದಿಂದ ಒಳಗಡಲಿಗೆ ಓಡುವುದು. ಆ ಕಾಲುವೆಯಲ್ಲಿ ಅಲೆಗಳು ಒಡೆಯುವುದು ಕಡಮೆ. ಆದುದರಿಂದ ಎರಡು ಕಡೆಯೂ ನೊರೆಯಿದ್ದು ನಡುವೆ ಶಾಂತವಾಗಿ ಕಾಣುವ ಜಾಗವೇ ಅತ್ಯಂತ ಅಪಾಯಕರವಾದುದು. ಅರಿಯದವರು ಶಾಂತವಾಗಿದೆಯೆಂದು ಅಲ್ಲಿಯೇ ಇಳಿಯುವರು.

ಆ ಸೆಳೆತಕ್ಕೆ ಸಿಕ್ಕಿದವರು ದಡದ ಕಡೆಗೆ ನೇರವಾಗಿ ಹೋರಾಡಬಾರದು; ಪಳಗಿದ ಈಜುಗಾರರೂ ಹಾಗೆ ಮಾಡಿ ಸೋತುಹೋಗುವರು. ಗಾಬರಿಪಡದೆ ತೇಲುತ್ತ, ಕೈಯೆತ್ತಿ ಕೂಗಬೇಕು. ಈಜು ಬಲ್ಲವರು ದಡಕ್ಕೆ ಅಡ್ಡಲಾಗಿ ಸ್ವಲ್ಪ ದೂರ ಈಜಿದರೆ ಸೆಳೆತದಿಂದ ಹೊರಬೀಳುವರು. ಆಮೇಲೆ ದಡದ ಕಡೆಗೆ ತಿರುಗಬಹುದು. ಒಬ್ಬಳು ಮುಳುಗುತ್ತಿರುವಳೆಂದು ಗೆಳತಿಯರು ಕೈಕೈ ಹಿಡಿದು ನೀರಿಗೆ ಇಳಿಯಬಾರದು. ಬಾಯಿ ಮುಚ್ಚಿದ ಬರಿಯ ನೀರಿನ ಡಬ್ಬಿಯನ್ನಾಗಲಿ ಹಗ್ಗವನ್ನಾಗಲಿ ಎಸೆದು, ಜೀವರಕ್ಷಕರನ್ನೂ ಮೀನುಗಾರರನ್ನೂ ಕೂಗಬೇಕು. ಪ್ರೀತಿಯ ಜೊತೆಗೆ ತಿಳಿವಳಿಕೆ ಇಲ್ಲದೆ ಹೋದರೆ ಒಂದು ಸಾವಿನ ಸ್ಥಳದಲ್ಲಿ ನಾಲ್ಕು ಸಾವುಗಳಾಗಬಹುದು. ಜೀವರಕ್ಷಕರು ಇಲ್ಲದ ತೀರದಲ್ಲಿ ನೀರಿಗೆ ಇಳಿಯಲೇಬಾರದು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ, ಮುಂಗಾರು ಕೆರಳಿಸಿದ ಕಡಲನ್ನು ದೂರದಿಂದ ನೋಡಿ ನಮಸ್ಕರಿಸುವುದೇ ಲೇಸು.

೩. ತೌರಿಗೆ ಬರುವ ಕಡಲಾಮೆ

ಚಳಿಗಾಲದ ತಿಂಗಳುಗಳಲ್ಲಿ ಉತ್ತರ ಕನ್ನಡದ ಮರಳುತೀರಗಳಿಗೆ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುವುವು. ಹೆಣ್ಣಾಮೆಯು ಬಹು ದೂರದ ನೀರಿನಲ್ಲಿ ಮೇಯ್ದು ಬೆಳೆದರೂ, ಮೊಟ್ಟೆಯಿಡುವ ಕಾಲಕ್ಕೆ ತಾನು ಹುಟ್ಟಿದ ಸೀಮೆಯ ತೀರವನ್ನೇ ಹುಡುಕಿಕೊಂಡು ಬರುವುದು. ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ತೌರುಮನೆಗೆ ಬರುವಂತೆಯೇ ಇದು. ರಾತ್ರಿಯ ಹೊತ್ತು ಅದು ಉಬ್ಬರದ ಗೆರೆಯನ್ನು ದಾಟಿ ಮೇಲೆ ಬಂದು, ಹಿಂಗಾಲುಗಳಿಂದ ಗುಳಿ ತೋಡಿ, ನೂರರ ಸುಮಾರಿಗೆ ಮೊಟ್ಟೆಗಳನ್ನಿಟ್ಟು, ಮರಳನ್ನು ಮುಚ್ಚಿ ತಟ್ಟಿ, ಹಿಂದಿರುಗಿ ನೋಡದೆ ಕಡಲಿಗೆ ಹೊರಟುಹೋಗುವುದು. ಆಗ ಅದರ ಕಣ್ಣಿನಲ್ಲಿ ನೀರು ಸುರಿಯುವುದನ್ನು ಕಂಡವರು ಅಳುತ್ತಿರುವುದೆಂದು ಭಾವಿಸುವರು. ಮೈಯಲ್ಲಿ ಸೇರಿದ ಹೆಚ್ಚಿನ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸವದು.

ಮೊಟ್ಟೆಗಳು ಸುಮಾರು ೪೫ರಿಂದ ೬೦ ದಿನಗಳವರೆಗೆ ಮರಳಿನ ಕಾವಿನಲ್ಲಿಯೇ ಬಲಿಯುವುವು. ಮರಳು ಹೆಚ್ಚು ಬೆಚ್ಚಗಿದ್ದರೆ ಹೆಣ್ಣುಮರಿಗಳೂ ತಂಪಾಗಿದ್ದರೆ ಗಂಡುಮರಿಗಳೂ ಅಧಿಕವಾಗುವುವು. ಮರಿಗಳು ಸಾಮಾನ್ಯವಾಗಿ ರಾತ್ರಿಯಲ್ಲಿ ಹೊರಬಂದು, ಎಲ್ಲಿ ಬೆಳಕು ಹೆಚ್ಚೋ ಆ ಕಡೆಗೆ ಓಡುವುವು. ಮನುಷ್ಯನ ದೀಪವಿಲ್ಲದ ತೀರದಲ್ಲಿ ಕತ್ತಲಾದ ನೆಲಕ್ಕಿಂತ ಆಕಾಶದ ಕಾಂತಿಯನ್ನು ಹೊಳೆಯಿಸುವ ಕಡಲೇ ಬೆಳ್ಳಗಿರುವುದು. ಆದುದರಿಂದ ಅವು ದಾರಿ ತಪ್ಪುವುದಿಲ್ಲ. ಆದರೆ ತೋಪಿನಲ್ಲಿ ಒಂದು ದೊಡ್ಡ ದೀಪವೋ ಬೆಂಕಿಯೋ ಉರಿಯುತ್ತಿದ್ದರೆ ಮರಿಗಳು ಕಡಲಿಗೆ ಬೆನ್ನು ತಿರುಗಿಸಿ ಅದರ ಕಡೆಗೇ ಹೊರಡುವುವು. ಬೆಳಗಾಗುವಷ್ಟರಲ್ಲಿ ಬಳಲಿ, ಒಣಗಿ, ಕಾಗೆಗಳ ಪಾಲಾಗುವುವು. ಸಾವಿರ ಮರಿಗಳಲ್ಲಿ ಒಂದೆರಡು ಪ್ರಾಯಕ್ಕೆ ಬಂದರೆ ಹೆಚ್ಚು ಎನ್ನುವರು. ಅಷ್ಟು ಕಡಮೆ ಉಳಿಯುವ ಜೀವಕ್ಕೆ ನಮ್ಮ ಒಂದು ರಾತ್ರಿಯ ವಿನೋದವು ಮೃತ್ಯುವಾಗಬಾರದು.

೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಈ ಆಮೆಯು ಸೇರಿರುವುದು. ಅದನ್ನಾಗಲಿ ಅದರ ಮೊಟ್ಟೆಯನ್ನಾಗಲಿ ತೆಗೆಯುವುದು ಅಪರಾಧ. ಕಾರವಾರ ಹೊನ್ನಾವರಗಳ ಕಡೆ ಅರಣ್ಯ ಇಲಾಖೆಯವರು ಊರವರ ನೆರವಿನಿಂದ ಗೂಡುಗಳಿಗೆ ಬೇಲಿ ಕಟ್ಟಿ ಕಾಯುವರು. ಚೆನ್ನೈ ನಗರದಲ್ಲಿ ವಿದ್ಯಾರ್ಥಿಗಳ ಕೂಟವೊಂದು ೧೯೮೮ರಿಂದ ಆಮೆಯ ಕಾಲದಲ್ಲಿ ರಾತ್ರಿಯೆಲ್ಲ ತೀರದಲ್ಲಿ ನಡೆದು ಗೂಡುಗಳನ್ನು ರಕ್ಷಿಸುತ್ತ ಬಂದಿದೆ. ನಮ್ಮವರಿಗೂ ಅದರ ಸಂಬಂಧವುಂಟು. ನಂದಿ ಬೆಟ್ಟಗಳ ಸೀಮೆಯಲ್ಲಿ ಹುಟ್ಟಿ, ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬಿಸಿ, ಬೇತಮಂಗಲದ ಮೇಲೆ ಸಾಗುವ ಪಾಲಾರ್ ನದಿಯು ಚೆನ್ನೈಗೆ ದಕ್ಷಿಣದಲ್ಲಿ ವಯಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುವುದು. ಆ ಕರಾವಳಿಯೂ ಇದೇ ಆಮೆಗಳ ತೌರು. ಆದುದರಿಂದ ಕಡಲು ನಮಗೆ ತೀರ ಹೊರಗಿನದೆಂದು ಹೇಳಲಾಗದು.

೪. ಇತರ ನೆರೆಯವರು

ಬೆಳಗಿನ ಮರಳು ತೆರೆದ ಪುಸ್ತಕದಂತಿರುವುದು. ಚಿಕ್ಕ ಚಿಕ್ಕ ಮರಳುಗುಂಡುಗಳ ಸಾಲುಗಳು ಏಡಿಗಳು ಉಂಡು ಬಿಟ್ಟವು. ನೀರಿನ ಅಂಚಿನಲ್ಲಿ ಓಡಿ ನಿಂತು ಓಡುವ ಬೂದುಬಣ್ಣದ ಹಕ್ಕಿಗಳಲ್ಲಿ ಕೆಲವು ಹಿಮಾಲಯದಾಚೆಯ ಎತ್ತರದ ನೆಲಗಳಿಂದ ಚಳಿಗಾಲವನ್ನು ಕಳೆಯಲು ಬಂದವು. ನಮ್ಮ ಕೆರೆಯಂಗಳಕ್ಕೆ ಬಾಲ ಕುಣಿಸುತ್ತ ಬರುವ ಸಿಪಿಲೆಗಳಂತೆ ಇವೂ ಚಳಿಗಾಲದ ಅತಿಥಿಗಳು. ಮೇಲೆ ಗರುಡನೂ, ಬಿಳಿಹೊಟ್ಟೆಯ ಕಡಲಹದ್ದೂ ಹಾರಾಡುವುವು. ಕಡಲಹದ್ದಿನ ಜೋಡಿಯು ಎತ್ತರದ ಮರದ ಮೇಲಿನ ಒಂದೇ ಗೂಡಿಗೆ ವರ್ಷ ವರ್ಷವೂ ಬರುವುದುಂಟು. ನದಿಯ ಬಾಯಿಯ ಹತ್ತಿರ ಡಾಲ್ಫಿನ್ನುಗಳು ಬೆನ್ನು ತೋರಿಸಿ ಮುಳುಗುವುವು. ಇವೆಲ್ಲವನ್ನೂ ಕಾಣುವ ಉಪಾಯ ಒಂದೇ: ಗದ್ದಲ ಮಾಡದೆ, ದೂರದಲ್ಲಿ, ಕುಳಿತ ಕಡೆಯೇ ಕುಳಿತಿರುವುದು. ಓಡಿ ಹಿಡಿಯಹೋದವರಿಗೆ ಬರಿಯ ಬಿಲಗಳು ಮಾತ್ರ ಕಾಣುವುವು.

ಕೆಲವು ನೆರೆಯವರ ವಿಷಯದಲ್ಲಿ ಎಚ್ಚರವೂ ಬೇಕು. ತೆಳುನೀರಿನ ಮರಳಿನಲ್ಲಿ ತೊರಕೆ ಮೀನು ಅಡಗಿರುವುದು. ಅದರ ಬಾಲದ ಮುಳ್ಳು ವಿಷದ್ದು. ಆದುದರಿಂದ ನೀರಿನಲ್ಲಿ ಹೆಜ್ಜೆಯೆತ್ತಿಡದೆ ಕಾಲನ್ನು ಮರಳಿನಲ್ಲಿ ಎಳೆಯುತ್ತ ನಡೆದರೆ ಅದು ತಾನೇ ಸರಿದುಹೋಗುವುದು. ದಡಕ್ಕೆ ಬಿದ್ದ ಲೋಳೆಮೀನು ಸತ್ತಂತೆ ಕಂಡರೂ ಸುಡಬಲ್ಲದು. ಬಲೆಯಿಂದ ಹೊರಗೆಸೆದ ಕಡಲಹಾವು ಅತಿ ವಿಷಕಾರಿ. ಇವನ್ನು ಕೈಯಿಂದಾಗಲಿ ಕೋಲಿನಿಂದಾಗಲಿ ಮುಟ್ಟತಕ್ಕದ್ದಲ್ಲ. ಮುಟ್ಟದಿದ್ದರೆ ಮಗುವಿಗೂ ಕ್ಷೇಮ, ಅವಕ್ಕೂ ಕ್ಷೇಮ.

೫. ಬಿಡಾರದ ಕಟ್ಟಳೆ

ಮೇಲೆ ಹೇಳಿದುದರಿಂದ ಬಿಡಾರದ ಕಟ್ಟಳೆಗಳು ತಾವಾಗಿಯೇ ಹುಟ್ಟುವುವು. ಮೊದಲನೆಯದು, ಕತ್ತಲಾದ ಮೇಲೆ ಯಾರೂ ಕಡಲಂಚಿಗೆ ಹೋಗಬಾರದು. ಇದರಿಂದ ಹುಡುಗಿಯರು ಅಲೆಗೆ ಸಿಕ್ಕುವುದಿಲ್ಲ. ಮೇಲೆ ಬರುತ್ತಿರುವ ಆಮೆಯೂ ಹೆದರಿ ಹಿಂದಿರುಗುವುದಿಲ್ಲ. ಎರಡನೆಯದು, ದೀಪವನ್ನು ಮರೆಮಾಡಿ, ಕಡಲಿಗೆ ಕಾಣದಂತೆ ಇಡಬೇಕು. ಮರಳಿನ ಮೇಲೆ ಬೆಂಕಿ ಹಾಕಬಾರದು. ಒಣಗಿದ ಸರ್ವೆಯ ಎಲೆ ಬೇಗನೆ ಹತ್ತಿಕೊಳ್ಳುವುದರಿಂದ ತೋಪಿಗೂ ಇದು ಹಿತ. ಮೂರನೆಯದು, ಎಂಜಲನ್ನು ಹೊರಗೆ ಚೆಲ್ಲಬಾರದು. ಚೆಲ್ಲಿದ ಅನ್ನಕ್ಕೆ ನಾಯಿಗಳೂ ನರಿಗಳೂ ಕಾಗೆಗಳೂ ಬರುವುವು. ಅನ್ನ ಮುಗಿದ ಮೇಲೆ ಅವು ಮರಳನ್ನು ಕೆದರಿ ಆಮೆಯ ಮೊಟ್ಟೆಗಳನ್ನು ತಿನ್ನುವುವು. ಹುಡುಗಿಯರ ಬಿಡಾರದ ಸುತ್ತ ರಾತ್ರಿ ನಾಯಿಗಳು ಸೇರುವುದೂ ಒಳ್ಳೆಯದಲ್ಲ. ನಾಲ್ಕನೆಯದು, ಪ್ಲಾಸ್ಟಿಕ್ಕಿನ ಚೀಲ, ಬಾಟಲಿ, ಹರಿದ ಬಲೆಯ ಚೂರು, ಇವನ್ನೆಲ್ಲ ಕಟ್ಟಿ ಹಿಂದಕ್ಕೆ ತರಬೇಕು. ಐದನೆಯದು, ಮೀನುಗಾರರು ಬೇಡವೆಂದ ಕಡೆ ಕಾಲಿಡಬಾರದು. ತಲೆಮಾರುಗಳಿಂದ ಆ ನೀರನ್ನು ಓದಿದವರು ಅವರು. ಆ ತೀರದಲ್ಲಿ ಅವರೇ ನಮಗೆ ಉಪಾಧ್ಯಾಯರು. ಆರನೆಯದು, ಹತ್ತು ಮಕ್ಕಳಿಗೆ ಒಬ್ಬರಂತೆ ಹಿರಿಯರು ಇದ್ದು, ಗಂಟೆಗೊಮ್ಮೆ ಎಣಿಕೆ ಮಾಡಬೇಕು. ಎಣಿಸುವವರು ತಾವು ನೀರಿಗೆ ಇಳಿಯಬಾರದು.

೬. ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಈ ಪಾಠವು ಕಡಲಿನ ಬಳಿ ಆರಂಭವಾಗತಕ್ಕದ್ದಲ್ಲ. ನಮ್ಮ ಊರಿನಲ್ಲಿಯೇ ಆರಂಭವಾಗಬೇಕು. ಹಿಂದೆ ನಮ್ಮ ಹಳ್ಳಿಯ ಗಂಡುಹುಡುಗರು ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತರು. ಹೆಣ್ಣುಮಕ್ಕಳು ಬಿಂದಿಗೆ ಹಿಡಿದು ದಡದಲ್ಲಿ ನಿಂತರು. ಬಾವಿಗಳು ಬತ್ತಿದ ಮೇಲೆ ಇಬ್ಬರಿಗೂ ಈಜು ಇಲ್ಲವಾಯಿತು. ಅನುಕೂಲವುಳ್ಳ ತಾಯಿತಂದೆಗಳು ತಮ್ಮ ಹೆಣ್ಣುಮಕ್ಕಳಿಗೆ, ಬಲ್ಲವರ ಕಣ್ಣೆದುರಿನಲ್ಲಿ, ಈಜುಕೊಳದಲ್ಲಾದರೂ ತೇಲುವುದನ್ನಾದರೂ ಕಲಿಸಬೇಕೆಂದು ನಾವು ಬೇಡಿಕೊಳ್ಳುವೆವು. ಅದು ಹೊಲಿಗೆ ಅಡಿಗೆಗಳಷ್ಟೇ ಅವಶ್ಯಕವಾದ ವಿದ್ಯೆ.

ಇನ್ನೊಂದು ಅಭ್ಯಾಸ ನೋಡುವುದು. ೨೦೧೮ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೆ. ಸಿ. ವ್ಯಾಲಿ ಯೋಜನೆಯ ಮೂಲಕ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿದು ಬಂದಿತು; ಬಹುಕಾಲ ಬರಿದಾಗಿದ್ದ ಅನೇಕ ಕೆರೆಗಳಲ್ಲಿ ನೀರು ನಿಂತಿತು. ವಾರಕ್ಕೊಂದು ಬೆಳಗು ಮಗಳನ್ನು ಹತ್ತಿರದ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳ್ಳಿರಿಸಿ, ಕಂಡುದನ್ನು ಬರೆಯಿಸಿರಿ. ಯಾವ ಹಕ್ಕಿ ಎಲ್ಲಿ ನಿಂತಿತು, ನೀರು ಎಷ್ಟು ಇಳಿಯಿತು, ದಡದಲ್ಲಿ ಯಾರು ಏನನ್ನು ಎಸೆದರು ಎಂಬುದನ್ನು ಗುರುತಿಸಲು ಕಲಿತ ಹುಡುಗಿಯು ಕಡಲ ತಡಿಗೆ ಹೋದಾಗ ಕೂಗಿಕೊಂಡು ನೀರಿಗೆ ಓಡುವುದಿಲ್ಲ. ಮೊದಲು ನಿಲ್ಲುವಳು, ನೊರೆಯಿಲ್ಲದ ಜಾಗ ಯಾವುದೆಂದು ನೋಡುವಳು, ಉಬ್ಬರದ ಗೆರೆಯನ್ನು ಹುಡುಕುವಳು, ಊರವರನ್ನು ಕೇಳುವಳು.

ಹೀಗೆ ನಿಂತು ನೋಡಬಲ್ಲ ಮಕ್ಕಳನ್ನು ಕಡಲಿಗೆ ಕಳುಹಿಸಲು ತಾಯಿತಂದೆಗಳು ಅಂಜಬೇಕಾಗಿಲ್ಲ. ಅಂಥವರು ಬಿಡಾರ ಕಿತ್ತು ಹೊರಟ ಮೇಲೆ ಆ ಮರಳಿನಲ್ಲಿ ಅವರ ಹೆಜ್ಜೆಗಳ ಹೊರತು ಬೇರೇನೂ ಉಳಿಯದು; ಮುಂದಿನ ಉಬ್ಬರವು ಅವನ್ನೂ ಅಳಿಸಿ, ಆಮೆಗೆ ಹಾಸಿಗೆಯನ್ನು ಸಿದ್ಧಮಾಡುವುದು.