ತರಂಗಂಬಾಡಿಯ ಹೊಸ ಯೆರೂಸಲೇಮ್ ದೇವಾಲಯ

ತಮಿಳು ಸೀಮೆಯ ಕರಾವಳಿಯಲ್ಲಿ ತರಂಗಂಬಾಡಿ ಎಂಬ ಪಟ್ಟಣವುಂಟು. ಡೇನರು ಅದನ್ನು 1845ರಲ್ಲಿ ಇಂಗ್ಲಿಷರಿಗೆ ಮಾರಿದರು. ಅಲ್ಲಿಯ ರಾಜಬೀದಿಯಲ್ಲಿರುವ ಹೊಸ ಯೆರೂಸಲೇಮ್ ದೇವಾಲಯದ ಮುಂಗೋಡೆಯಲ್ಲಿ ಕಿರೀಟವೂ ಡೆನ್ಮಾರ್ಕಿನ ಅರಸನಾದ ನಾಲ್ಕನೆಯ ಫ್ರೆಡ್ರಿಕನ ಹೆಸರಿನ ಗುರುತೂ 1718 ಎಂಬ ವರುಷವೂ ಕಾಣುತ್ತವೆ. 1706ರಲ್ಲಿ ಅಲ್ಲಿಗೆ ಬಂದು ಮುಟ್ಟಿದ ಜೀಗನ್‌ಬಾಲ್ಗ್, ಪ್ಲುಟ್ಶೌ ಎಂಬ ಇಬ್ಬರು ಜರ್ಮನ್ ಬೋಧಕರನ್ನು ಕಳುಹಿಸಿದವನು ಈ ಅರಸನೇ.

ಅವರು 1707ರಲ್ಲಿ ಕಟ್ಟಿಸಿದ ಮೊದಲನೆಯ ಯೆರೂಸಲೇಮ್ ದೇವಾಲಯವು ಚಿಕ್ಕದು, ಸಮುದ್ರಕ್ಕೂ ಸಮೀಪವಾಗಿತ್ತು. ಸಭೆಯು ಬೆಳೆದದ್ದರಿಂದ 1717ನೇ ಫೆಬ್ರವರಿ 9ರಲ್ಲಿ ಹೊಸದಕ್ಕೆ ಅಸ್ತಿವಾರವಿಟ್ಟು, 1718ನೇ ಅಕ್ಟೋಬರ್ 11ರಲ್ಲಿ ಪ್ರತಿಷ್ಠೆ ಮಾಡಿದರು. ನಾಲ್ಕೂವರೆ ತಿಂಗಳೊಳಗೆ, ಮೂವತ್ತಾರನೆಯ ವಯಸ್ಸಿನಲ್ಲಿ, ಜೀಗನ್‌ಬಾಲ್ಗನು ತೀರಿಹೋದನು. ಅವನ ಸಮಾಧಿಯು ಆ ದೇವಾಲಯದೊಳಗೆ ವೇದಿಯ ಬಳಿಯಲ್ಲಿಯೇ ಇದೆ.

ಕಟ್ಟಡವು ಶಿಲುಬೆಯ ಆಕಾರವುಳ್ಳದ್ದು. ನಮ್ಮ ಹಳ್ಳಿಗಳ ಪ್ರಾರ್ಥನಾಲಯಗಳು ಸಾಧಾರಣವಾಗಿ ಒಂದೇ ಉದ್ದನೆಯ ಕೊಠಡಿಯಾಗಿರುವದರಿಂದ ಅಲ್ಲಿ ಎಲ್ಲರಿಗೂ ಎಲ್ಲರು ಕಾಣುತ್ತಾರೆ. ಶಿಲುಬೆಯಾಕಾರದ ಕಟ್ಟಡದಲ್ಲಿ ಹಾಗಲ್ಲ. ತೋಳುಗಳು ಕೂಡುವ ನಡುಭಾಗದಲ್ಲಿ ನಿಂತು ಬೋಧಿಸುವವನ ಶಬ್ದವು ಎಲ್ಲಾ ತೋಳುಗಳಿಗೂ ಮುಟ್ಟುವದು. ಆದರೆ ಒಂದು ತೋಳಿನ ಹಿಂದುಗಡೆ ಕೂತವನಿಗೆ ಪಕ್ಕದ ತೋಳಿನ ಒಳಭಾಗವು ಕಾಣದು. ಕ್ರಿಸ್ತನ ಶಿಲುಬೆಯನ್ನು ನೆನಪಿಗೆ ತರುವ ಇಂಥ ಆಕಾರವೇ ಜನರನ್ನು ವಿಂಗಡಿಸಿ ಕೂರಿಸುವದಕ್ಕೂ ಅನುಕೂಲವಾದದ್ದೆಂಬದು ನನ್ನ ಅಭಿಪ್ರಾಯ.

ವಿಂಗಡವಂತೂ ಆ ಮಿಶನಿನ ಸಭೆಗಳಲ್ಲಿ ಇತ್ತು. ಶೂದ್ರರೆನಿಸಿಕೊಂಡವರು ಒಂದು ಕಡೆ, ಪರೆಯರೆನಿಸಿಕೊಂಡವರು ಮತ್ತೊಂದು ಕಡೆ ಕೂತರು. ಕರ್ತನ ಭೋಜನಕ್ಕೆ ಬರುವದರಲ್ಲಿಯೂ ಮುಂಚೆ ಯಾರು, ಆಮೇಲೆ ಯಾರು ಎಂಬ ಕ್ರಮವಿತ್ತು. ಬೋಧಕರು ಇದನ್ನು ಲೋಕದ ಮರ್ಯಾದೆಯೆಂದೆಣಿಸಿ ಸಹಿಸಿಕೊಂಡರು. ಆದರೆ ಸಹಿಸಿಕೊಂಡದ್ದು ಕೂಡ್ರುವ ಸ್ಥಳದಲ್ಲಿಯೇ ನಿಲ್ಲಲಿಲ್ಲ.

1733ರಲ್ಲಿ ಆರೋನನೆಂಬ ವೆಳ್ಳಾಳನಿಗೆ ತರಂಗಂಬಾಡಿಯಲ್ಲಿ ಪಾದ್ರಿಯ ಅಭಿಷೇಕವಾಯಿತು. ಪ್ರೊಟೆಸ್ಟಂಟರಲ್ಲಿ ಈ ದೇಶದವರೊಳಗಿಂದ ಆ ಉದ್ಯೋಗಕ್ಕೆ ಬಂದ ಮೊದಲಿಗನು ಅವನೇ. ಎರಡನೆಯವನನ್ನು ಆರಿಸುವಾಗ ತಂಜಾವೂರಿನ ರಾಜನಾಯಕನೆಂಬ ಉಪದೇಶಿಯ ಹೆಸರು ಬಂತು. ಅವನು ಮೊದಲು ತಂಜಾವೂರಿನ ಅರಸನ ಸೈನ್ಯದಲ್ಲಿದ್ದವನು. ಜೀಗನ್‌ಬಾಲ್ಗನು ತಮಿಳಿಗೆ ತಿರುಗಿಸಿದ ಹೊಸ ಒಡಂಬಡಿಕೆಯನ್ನು ಓದಿ ಈ ಸಭೆಗೆ ಬಂದವನು. ಅವನ ಯೋಗ್ಯತೆಯ ವಿಷಯದಲ್ಲಿ ಸಂಶಯವಿರಲಿಲ್ಲ. ಆದರೆ ಅವನು ಪರೆಯನಾದದರಿಂದ ಅವನ ಕೈಯಿಂದ ರೊಟ್ಟಿಯನ್ನೂ ಪಾತ್ರೆಯನ್ನೂ ಮೇಲ್ಜಾತಿಯ ಸಭಿಕರು ತೆಗೆದುಕೊಳ್ಳಲಾರರೆಂದು ಎಣಿಸಿ, 1741ರಲ್ಲಿ ದಿಯೋಗೊ ಎಂಬ ಬೇರೊಬ್ಬನಿಗೆ ಅಭಿಷೇಕ ಮಾಡಿದರು. ರಾಜನಾಯಕನು ಕಡೇ ತನಕ ಉಪದೇಶಿಯಾಗಿಯೇ ಸೇವೆಮಾಡಿದನು.