ಹಳೇ ಯೆಜ್ಡಿ ಕೊಳ್ಳುವ ಮುನ್ನ
ಕೊಯಮತ್ತೂರಿನಲ್ಲಿ ಹಳೇ ಯೆಜ್ಡಿ ಬೈಕ್ ಸಿಕ್ಕಿತೆಂದು ಮುಂಗಡ ಕೊಡಲು ಹೊರಟಿದ್ದೀರಾ? ಸ್ವಲ್ಪ ತಾಳಿ. ಅದು ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ ಆದರೂ ಆರ್‌ಟಿಒ ಕಚೇರಿಗೆ ಹೊರರಾಜ್ಯದ ಗಾಡಿಯೇ. ಅದರ ಸದ್ದಿಗೆ ಮರುಳಾಗುವ ಮೊದಲು ಚಾಸಿ, ಎಂಜಿನ್ ನಂಬರುಗಳನ್ನು ಆರ್‌ಸಿ ಜೊತೆ ನೀವೇ ತಾಳೆ ನೋಡಿ. ಉಜ್ಜಿ ಅಳಿಸಿದ ಗುರುತು ಕಂಡರೆ ಎದ್ದು ಬನ್ನಿ. ಆರ್‌ಸಿ ಅವಧಿ ಮುಗಿದಿದ್ದರೆ ಮಾರುವವರೇ ನವೀಕರಿಸಿಕೊಡಲಿ. ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ, ಅಂದರೆ ನಮೂನೆ 28, ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. “ಆಮೇಲೆ ಕಳಿಸ್ತೀನಿ ಸಾರ್” ಎನ್ನುವವರು ಆಮೇಲೆ ಫೋನೇ ಎತ್ತುವುದಿಲ್ಲ! ಇಲ್ಲಿಯ ರಸ್ತೆ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿದೇ ಚೌಕಾಸಿ ಮಾಡಿ. ಗಾಡಿಗೆ ಐವತ್ತು ವರ್ಷ ದಾಟಿದ್ದರೆ 2021ರ ನಿಯಮದಡಿ ವಿಂಟೇಜ್ ನೋಂದಣಿಯೂ ಉಂಟು. ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಆಫೀಸಿಗೆ ಓಡಿಸುವಂತಿಲ್ಲ.